ಡಾಕ್ಟರು ಉದ್ದ ಮಾಡಿದ ಕಾಲು

ಮನೆಯಲ್ಲಿ ಒಬ್ಬರನ್ನು ಹೆಚ್ಚು ವಿಚಾರಿಸಿಕೊಂಡರೆ ಇನ್ನೊಬ್ಬರ ಮುಖ ಊದಿಕೊಳ್ಳುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಒಂದೇ ಮೈಯಲ್ಲಿರುವ ಅಂಗಗಳೂ ಹೀಗೆಯೇ ಎಂದು ಗೊತ್ತಾದದ್ದು ನನ್ನ ಎಡಗಡೆಯ ಸೊಂಟದ ಕೀಲು ಬದಲಾಯಿಸಿಕೊಂಡ ಮೇಲೆ. ಸವೆದು ಹೋಗಿದ್ದ ಹಳೆಯದನ್ನು ತೆಗೆದು ಶಿವಮೊಗ್ಗದ ಡಾಕ್ಟರು ಹೊಸ ಕೀಲು ಕೂರಿಸಿದರು. ಶಿಕಾರಿಪುರದ ನಮ್ಮ ಮನೆಗೆ ನೋಡಲು ಬಂದವರೆಲ್ಲ ಮೂಸಂಬಿ ಚೀಲ ಕೆಳಗಿಟ್ಟು, 'ಸೊಂಟ ಹೇಗಿದೆ ಮೇಷ್ಟ್ರೇ?' ಎಂದು ಕೇಳಿದರೇ ಹೊರತು ಒಬ್ಬರಾದರೂ ಬೆನ್ನನ್ನು ವಿಚಾರಿಸಲಿಲ್ಲ. ಬೆನ್ನಿಗೆ ಅದು ಅವಮಾನವಾಗಿರಬೇಕು. ಸೊಂಟದ ನೋವು ಇಳಿಯುತ್ತಾ ಬಂದದ್ದೇ ತಡ, ಬೆನ್ನು ಹಿಡಿದುಕೊಂಡಿತು.

ನಾನು ಸೊರಬದ ಕಡೆಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿದವನು. ಪ್ರಮೇಯ ಸಾಧಿಸದೆ ಯಾವುದನ್ನೂ ಒಪ್ಪುವವನಲ್ಲ, ನನ್ನ ಸೊಂಟದ ವಿಷಯದಲ್ಲಿ ಕೂಡ. ಎಂಟು ವರ್ಷದಿಂದ ಅದು ಸವೆಯುತ್ತಿತ್ತು, ನೋಯುತ್ತಿತ್ತು, ಎಲ್ಲ ನಿಜ. ಆದರೆ ನಾನು ಕುಂಟುತ್ತೇನೆ ಎಂದು ಯಾರೂ ಹೇಳುವ ಹಾಗಿರಲಿಲ್ಲ. ನಡಿಗೆಯಲ್ಲಿ ನನಗೆ ಅಷ್ಟು ಹಿಡಿತವಿತ್ತು ಎಂದು ನನ್ನ ನಂಬಿಕೆ. ಆಪರೇಶನ್ನಿಗೆ ಮುಂಚೆ ಡಾಕ್ಟರು ಎಕ್ಸ್‌ರೇ ಹಿಡಿದು, 'ಎಡಗಾಲು ಒಂದು ಬೆರಳು ಗಿಡ್ಡ ಆಗಿದೆ' ಎಂದಾಗ ನಾನು ಒಳಗೊಳಗೇ ನಕ್ಕೆ. ನನ್ನ ಪ್ಯಾಂಟಿನ ಎರಡೂ ಅಂಚು ಚಪ್ಪಲಿಯ ಮೇಲೆ ಒಂದೇ ಮಟ್ಟಕ್ಕೆ ಬೀಳುತ್ತಿದ್ದವು. ಕಾಲು ಗಿಡ್ಡವಾಗಿದ್ದರೆ ಹಾಗೆ ಬೀಳುತ್ತದೆಯೇ? ಪಾಪ, ಅವರು ನನ್ನ ಎಲುಬು ನೋಡಿದ್ದರು, ಪ್ಯಾಂಟು ನೋಡಿರಲಿಲ್ಲ.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಸವಿತಾ ಎಂಬ ಹುಡುಗಿಯದೂ ಅದೇ ರಾಗ. "ಸರ್, ಇಷ್ಟು ವರ್ಷ ಒಂದು ಕಡೆ ವಾಲ್ಕೊಂಡಿದ್ದ ಬೆನ್ನು. ಈಗ ನೆಟ್ಟಗೆ ನಿಲ್ಲು ಅಂದ್ರೆ ಅದಕ್ಕೂ ಕಷ್ಟ. ಕಲೀಲಿಕ್ಕೆ ಸ್ವಲ್ಪ ಟೈಮ್ ಕೊಡಿ" ಎನ್ನುತ್ತಿದ್ದಳು. ವಾಲಿದ್ದೇ ಇಲ್ಲದ ಬೆನ್ನು ಕಲಿಯುವುದೇನು ಬಂತು? ಆದರೂ ಅವಳು ಹೇಳಿದ್ದನ್ನೆಲ್ಲ ಮಾಡುತ್ತಿದ್ದೆ. ಅದಕ್ಕೆ ಕಾರಣವಿತ್ತು. ನನ್ನ ಹಳೆಯ ವಿದ್ಯಾರ್ಥಿಗಳು ಸೊರಬದಲ್ಲಿ ಗುರುವಂದನೆ ಇಟ್ಟುಕೊಂಡಿದ್ದರು. ವೇದಿಕೆಗೆ ನಾಲ್ಕು ಮೆಟ್ಟಿಲು ಎಂದು ವಿಚಾರಿಸಿ ತಿಳಿದುಕೊಂಡಿದ್ದೆ. ಆ ನಾಲ್ಕನ್ನೂ ಯಾರ ಕೈಯೂ ಹಿಡಿಯದೆ, ಕೋಲೂ ಇಲ್ಲದೆ ಹತ್ತಬೇಕು. ಅದೊಂದೇ ನನ್ನ ಆಸೆಯಾಗಿತ್ತು.

ಕಾರ್ಯಕ್ರಮಕ್ಕೆ ಎರಡು ವಾರವಿದೆ ಎನ್ನುವಾಗ, ಅಷ್ಟು ದಿನ ಲುಂಗಿಯಲ್ಲೇ ಇದ್ದವನು ಪ್ಯಾಂಟು ಹಾಕಿ ಕನ್ನಡಿಯ ಮುಂದೆ ನಿಂತೆ. ಬಲಗಡೆಯ ಅಂಚು ಚಪ್ಪಲಿಯ ಮೇಲೆ ಎಂದಿನಂತೆ ಕುಳಿತಿತ್ತು. ಎಡಗಡೆಯದು ಮೇಲೇರಿ ಹಿಮ್ಮಡಿಯೆಲ್ಲ ಕಾಣುತ್ತಿತ್ತು! ಪ್ಯಾಂಟು ಅದೇ, ಮನುಷ್ಯ ಅದೇ, ಬದಲಾದದ್ದು ಕೀಲು ಒಂದೇ. ಹಾಗಾದರೆ ಡಾಕ್ಟರು ನನ್ನ ಕಾಲನ್ನು ಉದ್ದ ಮಾಡಿದ್ದಾರೆ, ಬೆನ್ನು ನೋಯುತ್ತಿರುವುದೂ ಅದಕ್ಕೇ. ಹೆಂಡತಿ ಸರೋಜಳಿಗೆ ಹೇಳಿದರೆ ಗಾಬರಿಯಾದಾಳು ಎಂದು ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ಬಸವರಾಜಪ್ಪನವರನ್ನು ಗುಟ್ಟಾಗಿ ಕರೆದೆ. ಅವರು ಸ್ಕೇಲು ತಂದು, ನೆಲದ ಮೇಲೆ ಮಂಡಿಯೂರಿ, ಎರಡೂ ಅಂಚು ಅಳೆದರು.

"ಒಂದ್ ಬೆರಳು ಉದ್ದ ಆಗೇತಿ ನೋಡ್ರಿ ಮೇಷ್ಟ್ರ! ನಿಮ್ಮ ಸೈಜು ಇರ್ಲಿಲ್ಲ ಅಂತ ಕಾಣ್ತೈತಿ, ದೊಡ್ಡದು ಹಾಕಿ ಕಳಿಸ್ಯಾರ" ಎಂದರು. ಚಿಕಿತ್ಸೆಯನ್ನೂ ಅವರೇ ಸೂಚಿಸಿದರು. ಹಳೆಯ ಹವಾಯಿ ಚಪ್ಪಲಿಯ ರಬ್ಬರು ಕತ್ತರಿಸಿ ನನ್ನ ಬಲಗಾಲಿನ ಚಪ್ಪಲಿಯೊಳಗೆ ಇಟ್ಟುಕೊಟ್ಟರು. ಮೂರು ದಿನ ಅದರ ಮೇಲೆ ಓಡಾಡಿದೆ. ನಾಲ್ಕನೆಯ ದಿನ ಹಾಸಿಗೆಯಿಂದ ಏಳಲು ಬೆನ್ನು ಬಿಡಲಿಲ್ಲ. ಸವಿತಾಳನ್ನು ಬಾಗಿಲಿಂದಲೇ ವಾಪಸ್ಸು ಕಳಿಸಿದೆ.

"ಸೊರಬಕ್ಕೆ ಫೋನ್ ಮಾಡಿ ನಾನು ಬರೋದಿಲ್ಲ ಅಂತ ಹೇಳು. ಶಿವಮೊಗ್ಗಕ್ಕೆ ಹೋಗಿ ಇನ್ನೊಂದು ಆಪರೇಶನ್ ಮಾಡಿಸ್ಕೊಂಡು ಕಾಲು ಗಿಡ್ಡ ಮಾಡಿಸ್ಕೊಂಡೇ ಬರ್ತೀನಿ" ಎಂದು ಸರೋಜಳಿಗೆ ಹೇಳಿದೆ.

ಅವಳ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. "ಇನ್ನೊಂದು ಆಪರೇಶನ್ನಾ? ಯಾಕಂತೆ?"

ಹೇಗೋ ಎದ್ದು, ಪ್ಯಾಂಟು ಹಾಕಿ, ಸಾಕ್ಷಿ ಸಮೇತ ತೋರಿಸಿದೆ. ಅವಳು ಎಡಗಾಲಿನ ಅಂಚನ್ನೇ ನೋಡಿದಳು. ಮಂಚದ ಮೇಲೆ ಕುಸಿದು ಕುಳಿತು ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆ ನೀರು ನಗುವಿನದೋ ಬೇರೆಯದೋ ನನಗೆ ತಿಳಿಯುವ ಮೊದಲೇ ಎದ್ದುಹೋಗಿ, ಸೂಜಿ ದಾರದ ಬಿಸ್ಕೆಟ್ ಡಬ್ಬಿ ತಂದಳು. "ಅಲ್ಲಾಡ್ಬೇಡಿ" ಎಂದು ನನ್ನ ಕಾಲ ಬಳಿ ಕುಳಿತು, ಬ್ಲೇಡಿನಿಂದ ಎಡದ ಅಂಚಿನ ಹೊಲಿಗೆ ಬಿಚ್ಚಿದಳು. ಒಳಗೆ ಮಡಚಿಕೊಂಡಿದ್ದ ಬಟ್ಟೆ ಬಿಸಿಲು ಕಾಣದ ಕಡುನೀಲಿಯಲ್ಲಿ ಕೆಳಗಿಳಿದು ಚಪ್ಪಲಿಯನ್ನು ಮುಟ್ಟಿತು. ಅಳೆದಿದ್ದರೆ ಸರಿಯಾಗಿ ಒಂದು ಬೆರಳು ಇರುತ್ತಿತ್ತು.

"ಏನೇ ಇದು?" ಎಂದೆ.

"ಏನಿಲ್ಲ ಮಾರಾಯ್ರೆ. ಮುಂಚೆ ಎಡದ ಅಂಚು ನೆಲ ಗುಡಿಸ್ತಿತ್ತು. ಒಗೀವಾಗ ನೋಡಿದ್ರೆ ಆ ಕಾಲಿಗೆ ಮಾತ್ರ ಕೆಸರು. ಎಷ್ಟೆತ್ತರ ಕೆಸರು ಮೆತ್ಕೊಂಡಿರ್ತಿತ್ತೋ ಅಷ್ಟು ಮಡಚಿ ಹೊಲೀತಿದ್ದೆ. ಆಮೇಲಾಮೇಲೆ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಟೈಲರ್ ಹತ್ರದಿಂದ ಹೊಸದು ಬಂದ್ರೂ ಅಷ್ಟೇಯ. ಈ ಗಡಿಬಿಡೀಲಿ ಬಿಚ್ಚೋದೇ ಮರೆತುಹೋಯ್ತು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಒಪ್ತಿದ್ರಾ? ಒಪ್ಪಿದ್ರೂ ಬೇಜಾರು ಮಾಡ್ಕೊತಿದ್ರಿ. ಕನ್ನಡಿ ಮುಂದೆ ನಿಂತು ಅಂಚು ನೋಡ್ಕೊಂಡು ಖುಷಿಯಾಗಿ ಸ್ಕೂಲಿಗೆ ಹೋಗ್ತಿದ್ರಲ್ಲ, ಹೋಗ್ಲಿ ಬಿಡಿ ಅಂತ."

ಮೂವತ್ತು ವರ್ಷ ಅಳತೆ ಕಲಿಸಿದವನು ನಾನು. ಡಾಕ್ಟರು ಯಂತ್ರದಲ್ಲಿ ಕಂಡುಹಿಡಿದದ್ದನ್ನು ಇವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ವರ್ಷಗಳ ಮೊದಲೇ ಕಂಡುಹಿಡಿದಿದ್ದಳು. ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಪ್ರೀತಿ ಉಕ್ಕಿ ಬಂತು. ಇಂಥವಳ ಜೊತೆ ಇಷ್ಟು ವರ್ಷ ಬದುಕಿಯೂ ನನಗೆ ಏನೂ ಗೊತ್ತಿರಲಿಲ್ಲವಲ್ಲ ಎನಿಸಿತು. ಬಗ್ಗಿ ಅವಳ ತಲೆ ಮುಟ್ಟೋಣವೆಂದರೆ ಬಗ್ಗಬಾರದೆಂದು ಡಾಕ್ಟರು ಹೇಳಿದ್ದರು.

ರಬ್ಬರು ಕಸದ ಬುಟ್ಟಿ ಸೇರಿತು. ಸವಿತಾಳನ್ನು ಕ್ಷಮೆ ಕೇಳಿ ಕರೆಸಿದೆವು. ಬೆನ್ನು ಮುನಿಸಿಕೊಂಡೇ ಪಾಠ ಕಲಿಯಿತು. ಗುರುವಂದನೆಯ ದಿನ ಅದೇ ಪ್ಯಾಂಟು ಹಾಕಿ, ಎಡಗಾಲಿನ ಕಡುನೀಲಿ ಪಟ್ಟಿ ಎಲ್ಲರಿಗೂ ಕಾಣುವಂತೆ, ನಾಲ್ಕು ಮೆಟ್ಟಿಲನ್ನು ಕೋಲಿಲ್ಲದೆ ಹತ್ತಿದೆ. ಮೊದಲ ಸಾಲಿನಲ್ಲಿ ಕುಳಿತಿದ್ದ ಸರೋಜ ಉಸಿರು ಬಿಗಿಹಿಡಿದದ್ದು ನನಗೆ ಮೇಲಿಂದಲೇ ಕಂಡಿತು. ಶಾಲು ಹೊದಿಸಿದ ಹಳೆಯ ವಿದ್ಯಾರ್ಥಿಯೊಬ್ಬ ಮೈಕಿನಲ್ಲೇ, "ಸರ್, ನೀವೀಗ ಕುಂಟೋದೇ ಇಲ್ಲ!" ಎಂದು ಸಂಭ್ರಮದಿಂದ ಕೂಗಿದ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅಂದರೆ ಇಡೀ ಸೊರಬಕ್ಕೆ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ. ಅವಳು ಹೊಲಿದದ್ದು ಊರಿಗಾಗಿ ಅಲ್ಲ, ನನ್ನೊಬ್ಬನ ಕನ್ನಡಿಗಾಗಿ.

ಮೊನ್ನೆ ಬಟ್ಟೆಯ ಬೀರು ತೆಗೆದಾಗ ನನ್ನ ಅಂಗಿಗಳು ಕಣ್ಣಿಗೆ ಬಿದ್ದವು. ತೋಳುಗಳು ಎಷ್ಟು ಸಮವಾಗಿ, ಎಷ್ಟು ಒಪ್ಪವಾಗಿ ಹೊಂದುತ್ತವೆ ಎಂದು ನಾನು ಯಾವಾಗಲೂ ಹೇಳಿಕೊಳ್ಳುತ್ತಿದ್ದೆ. ಬಿಸ್ಕೆಟ್ ಡಬ್ಬಿಯಿಂದ ಅಳತೆಯ ಟೇಪು ತೆಗೆದು ಒಂದು ಅಂಗಿಯ ತೋಳಿಗೆ ಹಿಡಿದೆ.

"ಏನ್ರೀ ಅಳೀತಿದೀರಿ?" ಎಂದು ಸರೋಜ ಒಳಗಿಂದ ಇಣುಕಿ ಕೇಳಿದಳು.

"ಏನಿಲ್ಲ ಕಣೇ" ಎಂದು ಟೇಪನ್ನು ಹಾಗೇ ಸುತ್ತಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.