ಖುಬ್ಬೂಸಿನ ತೊಂಬತ್ತೊಂದು ಕಿಲೋಮೀಟರ್

ಲೆಕ್ಕ ಇಡುವವನು ಸುಳ್ಳು ಹೇಳುವುದಿಲ್ಲ ಎಂದು ಜನ ಸುಲಭವಾಗಿ ನಂಬುತ್ತಾರೆ. ಇಪ್ಪತ್ತಾರನೇ ವಯಸ್ಸಿನವರೆಗೆ ನಾನೂ ನನ್ನ ಬಗ್ಗೆ ಹಾಗೆಯೇ ನಂಬಿದ್ದೆ. ಕ್ಷೌರ ಮಾಡಿಸಿದ ದಿನ, ಊರಿಂದ ಕಾಗದ ಬಂದ ದಿನ, ಅದಕ್ಕೆ ಉತ್ತರ ಬರೆದ ದಿನ, ಎರಡರ ನಡುವಿನ ಅಂತರ ಎಲ್ಲವೂ ನನ್ನ ಡೈರಿಯಲ್ಲಿವೆ. ಬಹರೈನಿಗೆ ಬಂದ ಮೊದಲ ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಲೋಟ ನೀರು ಕುಡಿದೆ ಎಂಬುದೂ ಇದೆ. ಯಾರಿಗೂ ಬೇಡದ ಈ ಮಾಹಿತಿಯನ್ನು ನಾನು ಎಷ್ಟು ಗಂಭೀರವಾಗಿ ಕಾಪಾಡಿಕೊಂಡು ಬಂದಿದ್ದೇನೆಂದರೆ, ನನ್ನ ಜೊತೆ ಕೋಣೆ ಹಂಚಿಕೊಂಡಿದ್ದ ಮುಲ್ಕಿಯ ಸದಾನಂದಣ್ಣ ಒಮ್ಮೆ ಕೇಳಿದ್ದರು, "ರಾಯ್ರೆ, ಸತ್ತ ಮೇಲೆ ಯಮ ನಿಮ್ಮನ್ನು ವಿಚಾರಿಸ್ತಾನೋ, ನೀವೇ ಅವನ ಪುಸ್ತಕ ತಪಾಸಣೆ ಮಾಡ್ತೀರೋ?"

೧೯೭೯ರ ಮಾತು. ನಾನು ಮನಾಮದ ಒಂದು ಕಚೇರಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಸದಾನಂದಣ್ಣ ಏರ್‌ಕಂಡೀಷನ್ ಮೆಕ್ಯಾನಿಕ್, ನನಗಿಂತ ಹನ್ನೆರಡು ವರ್ಷ ದೊಡ್ಡವರು. ಉಮ್ ಅಲ್ ಹಸ್ಸಮ್‌ನಲ್ಲಿ ನಮ್ಮ ಕೋಣೆ. ಊರಿಗೆ ಮರಳಿದ ಒಬ್ಬ ಮಲಯಾಳಿಯಿಂದ ನನಗೊಂದು ಸೈಕಲ್ ಬಂದಿತ್ತು. ಅದರ ಮುಂದಿನ ಚಕ್ರಕ್ಕೆ, ಎಷ್ಟು ಕಿಲೋಮೀಟರ್ ಓಡಿತೆಂದು ತೋರಿಸುವ ಪುಟ್ಟ ಮೀಟರ್ ಇತ್ತು. ಸೈಕಲ್ ಕೊಂಡದ್ದು ಆ ಮೀಟರಿಗಾಗಿ ಎಂದರೂ ತಪ್ಪಿಲ್ಲ. ಕಚೇರಿಗೆ ವ್ಯಾನ್ ಇದ್ದುದರಿಂದ ಸೈಕಲ್ ಶುಕ್ರವಾರದ ರಜೆಗೆ ಮಾತ್ರ. ಬೆಳಿಗ್ಗೆ ಅಸ್ಕರ್ ಎಂಬ ಹಳ್ಳಿಗೆ ಹೋಗಿ ಬರುವುದು, ಸಂಜೆ ಮೀಟರ್ ನೋಡಿ ಹಿಂದಿನ ವಾರದ ಅಂಕಿ ಕಳೆದು ಬರೆಯುವುದು, ಇಷ್ಟೇ ನನ್ನ ವಿಹಾರ.

ನಮ್ಮ ಕಚೇರಿಯ ಹಿರಿಯ ಡ್ರಾಫ್ಟ್ಸ್‌ಮನ್ ಎಮಿಲಿಯೊ ಸಾಹೇಬರು ಸ್ಪೇನಿನವರು. ಐವತ್ತೆಂಟು ವರ್ಷ, ಮಿತ ಮಾತು. ಒಂದು ದಿನ ನನ್ನ ಪುಸ್ತಕ ನೋಡಿ ಕೇಳಿದರು.

"ಪ್ರತಿ ವಾರ ಎಲ್ಲಿಗೆ ಹೋಗುತ್ತೀ?"

"ಅಸ್ಕರ್‌ಗೆ, ಸರ್."

"ಅಲ್ಲೇನಿದೆ?"

"ಹದಿನೇಳು ಕಿಲೋಮೀಟರ್ ಇದೆ, ಸರ್."

ಅವರು ನಗಲಿಲ್ಲ. ಮರುದಿನ ಸ್ಪೇನಿನ ಒಂದು ಹಳೆಯ ಭೂಪಟ ತಂದು ನನ್ನ ಬೋರ್ಡಿನ ಮೇಲೆ ಹರಡಿದರು. ದಕ್ಷಿಣದ ಸಮುದ್ರದಿಂದ ಪಶ್ಚಿಮದ ಎಸ್ತ್ರೆಮಾದುರಾ ಎಂಬ ಸೀಮೆಯವರೆಗೆ ಪೆನ್ಸಿಲಿನ ಒಂದು ಗೆರೆ. ಹೆದ್ದಾರಿಗಳನ್ನೆಲ್ಲ ಬಿಟ್ಟು ಹಳ್ಳಿಯಿಂದ ಹಳ್ಳಿಗೆ ಬಳಸಿಕೊಂಡು ಹೋಗುವ ದಾರಿ. ಹುಡುಗನಾಗಿದ್ದಾಗ ಅವರು ಸೈಕಲ್ಲಿನಲ್ಲಿ ಹೋಗಿದ್ದರಂತೆ. ಗಂಟೆಗೆ ಒಂದು ಗಾಡಿ ಎದುರಾದರೆ ಆ ರಸ್ತೆಯಲ್ಲಿ ಗದ್ದಲದ ದಿನವಂತೆ. ನಾವಿಬ್ಬರೂ ಬೇರೆ ಬೇರೆಯಾಗಿ ಡಿವೈಡರ್ ಹಿಡಿದು ಗೆರೆ ಅಳೆದೆವು. ನನಗೆ ೬೧೯ ಕಿಲೋಮೀಟರ್ ಬಂತು, ಅವರಿಗೆ ೬೧೭. ೬೧೮ ಎಂದು ಒಪ್ಪಿಕೊಂಡೆವು. ಗೆರೆ ಮುಗಿಯುವಲ್ಲಿ ಅವರ ತಮ್ಮನ ಮನೆ.

ತಮ್ಮನ ಜೊತೆ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು. ತಂದೆ ತೀರಿಕೊಂಡಾಗ ಎಮಿಲಿಯೊ ಬೇರೊಂದು ದೇಶದ ಕೆಲಸದಲ್ಲಿದ್ದರು, ಹೋಗಲಿಲ್ಲ. ತಮ್ಮ ಒಂದೇ ಸಾಲು ಬರೆದನಂತೆ, ಇನ್ನು ಬರುವ ಅಗತ್ಯವಿಲ್ಲ ಎಂದು. ಫೆಬ್ರವರಿ ೧೭ಕ್ಕೆ ಎಮಿಲಿಯೊ ಕೆಲಸ ಬಿಟ್ಟು ಸ್ವದೇಶಕ್ಕೆ ಹೊರಡುವವರಿದ್ದರು. "ನಿನ್ನ ಶುಕ್ರವಾರಗಳ ಕಿಲೋಮೀಟರನ್ನು ಈ ಗೆರೆಯ ಮೇಲೆ ಗುರುತು ಮಾಡುತ್ತ ಹೋಗು" ಎಂದರು. "ನಾನು ಹೊರಡುವುದರೊಳಗೆ ನೀನು ಅವನ ಬಾಗಿಲು ಮುಟ್ಟಿದರೆ ನಾನೂ ಹೋಗಿ ತಟ್ಟುತ್ತೇನೆ. ಮುಟ್ಟದಿದ್ದರೆ ನೇರ ಮಾಡ್ರಿಡ್, ಮಗಳ ಮನೆ." ತನ್ನ ಕೈಲಾಗದ ತೀರ್ಮಾನವನ್ನು ಮನುಷ್ಯ ಇನ್ನೊಬ್ಬನ ಕಾಲಿಗೆ ಕಟ್ಟಬಹುದೆಂದು ನನಗೆ ಆವತ್ತು ಹೊಳೆಯಲಿಲ್ಲ. ನನಗೆ ಹೊಳೆದದ್ದು ಹೊಸದೊಂದು ಪಟ್ಟಿ ಶುರುಮಾಡಬಹುದು ಎಂಬುದು ಮಾತ್ರ.

ನವೆಂಬರ್ ೨, ಶುಕ್ರವಾರ ಹೊರಟೆ. ಪ್ರತಿ ಶನಿವಾರ ಚಹಾದ ಹೊತ್ತಿಗೆ ಭೂಪಟದ ಗೆರೆಯ ಮೇಲೆ ಒಂದು ಪಿನ್ನನ್ನು ಅಷ್ಟು ಮುಂದಕ್ಕೆ ಚುಚ್ಚುವುದು, ಅಲ್ಲಿ ಏನಿದೆಯೆಂದು ಎಮಿಲಿಯೊ ಹೇಳುವುದು. ಇಲ್ಲೊಂದು ಬಾವಿ, ನೀರು ಕುಡಿಯಬಹುದು. ಈ ಇಗರ್ಜಿಯ ಗೋಪುರದ ಮೇಲೆ ಕೊಕ್ಕರೆ ಗೂಡು, ಕೆಳಗೆ ನಿಲ್ಲಬೇಡ. ಇಲ್ಲಿಂದ ಮುಂದೆ ಬಾಟಲಿಯ ಬಿರಡೆಯಾಗುವ ಬೆಂಡಿನ ಮರಗಳು. ತೊಗಟೆ ಸುಲಿದ ಮೇಲೆ ಯಾವ ವರ್ಷ ಸುಲಿದದ್ದೆಂದು ಕಾಂಡದ ಮೇಲೆ ಅಂಕಿ ಬರೆದಿಡುತ್ತಾರೆ. ಮರಕ್ಕೂ ಡೈರಿ ಇರುವ ಆ ದೇಶದ ಮೇಲೆ ನನಗೆ ಪ್ರೀತಿ ಹುಟ್ಟಿಬಿಟ್ಟಿತು. ಅಸ್ಕರ್ ರಸ್ತೆಯಲ್ಲಿ ಕಾರ್ಖಾನೆಯ ಲಾರಿಗಳು ಮುಖಕ್ಕೆ ಮರಳು ಎರಚಿ ಹೋಗುವಾಗ ನಾನು ಬೆಂಡಿನ ಮರದ ನೆರಳಿನಲ್ಲಿ ತುಳಿಯುತ್ತಿದ್ದೆ.

ಮೊದಲ ಶುಕ್ರವಾರ ಮೀಟರ್ ಮೂವತ್ತನಾಲ್ಕು ತೋರಿಸಿತು. ಎರಡನೆಯದರಿಂದ ನಲವತ್ತೊಂದು. ಅದೇ ರಸ್ತೆ, ಅದೇ ಕಾಲು, ಏಳು ಕಿಲೋಮೀಟರ್ ಹೆಚ್ಚು. ಎದುರು ಗಾಳಿಗೆ ಅಡ್ಡಾದಿಡ್ಡಿ ಹೋಗಿರಬೇಕು ಎಂದು ಬರೆದುಕೊಂಡೆ. ವಾರ ಬಿಡದೆ ಹದಿಮೂರು ಸಲ ಹಾಗೆಯೇ ಬರೆದುಕೊಂಡೆ. ಗಾಳಿ ಇಲ್ಲದ ಶುಕ್ರವಾರವೂ ಬರೆದುಕೊಂಡೆ. ಬರೆದದ್ದನ್ನು ನಂಬುವ ರೋಗಕ್ಕೆ ಮದ್ದಿಲ್ಲ.

ಫೆಬ್ರವರಿ ೬, ಬುಧವಾರ. ಬೆಳಿಗ್ಗೆ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಡೈರಿ ಬರೆಯುವುದು ನನ್ನ ಕ್ರಮ. ಅಂದು ಶಾಯಿ ಮುಗಿಯಿತು. ಅಂಗಡಿಗೆಂದು ಹೊರಗೆ ಬಂದರೆ ಸದಾನಂದಣ್ಣ ನನ್ನ ಸೈಕಲ್ಲಿನ ಮೇಲೆ ಬರುತ್ತಿದ್ದಾರೆ, ಹ್ಯಾಂಡಲಿಗೆ ಬಿಸಿ ಖುಬ್ಬೂಸಿನ, ಅರಬರ ರೊಟ್ಟಿಯ, ಕಟ್ಟು.

"ಇದೆಂತ ಸದಾನಂದಣ್ಣ!"

"ಎಂತ ಅಂದ್ರೆ? ಖುಬ್ಬೂಸ್. ದಿನಾ ತಿನ್ನುದು ಇದನ್ನೇ ಅಲ್ವಾ ನೀವು?"

"ದಿನಾ ಸೈಕಲ್ಲಿನಲ್ಲಿ ಹೋಗ್ತೀರಾ?"

"ಮತ್ತೆ? ನಡ್ಕೊಂಡು ಹೋದ್ರೆ ತಣ್ಣಗಾಗ್ತದೆ. ನವೆಂಬರಿನಲ್ಲಿ ನೀವೇ ಅಲ್ವಾ ತಣ್ಣಗಿನದ್ದು ಚರ್ಮದ ಹಾಗೆ ಉಂಟು ಅಂದದ್ದು?"

ಬೇಕರಿಗೆ ಹೋಗಿ ಬರಲು ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು. ವಾರಕ್ಕೆ ಆರು ದಿನ, ಏಳು ಕಿಲೋಮೀಟರ್. ಹದಿಮೂರು ವಾರ, ತೊಂಬತ್ತೊಂದು. ಸ್ಪೇನಿನಲ್ಲಿ ೫೬೭ನೇ ಕಿಲೋಮೀಟರಿನಲ್ಲಿದ್ದೇನೆ, ಇನ್ನು ಐವತ್ತೊಂದು ಮಾತ್ರ ಎಂದುಕೊಂಡಿದ್ದವನು ನಿಜವಾಗಿ ೪೭೬ರಲ್ಲಿದ್ದೆ. ಉಳಿದದ್ದು ೧೪೨. ಉಳಿದ ಶುಕ್ರವಾರಗಳು ಎರಡು.

ಮರುದಿನ ಎಮಿಲಿಯೊ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿ ಪಿನ್ ಕಿತ್ತು ಹಿಂದಕ್ಕೆ ಚುಚ್ಚಿದೆ. ಅವರು ಬೇಸರಪಡುತ್ತಾರೆಂದು ಎಣಿಸಿದ್ದೆ. ಹಲ್ಲು ಕೀಳಿಸಲು ಹೋದವನಿಗೆ ಡಾಕ್ಟರು ಇವತ್ತು ಬರುವುದಿಲ್ಲ ಎಂದರೆ ಹೇಗಿರುತ್ತದೋ, ಅವರ ಮುಖ ಹಾಗಾಯಿತು. "ಪ್ರಾಮಾಣಿಕ ಹುಡುಗ" ಎಂದು ನನ್ನ ಬೆನ್ನು ತಟ್ಟಿ, ಮಾಡ್ರಿಡ್‌ಗೆ ಮಗಳಿಗೆ ಕಾಗದ ಬರೆಯಲು ಕೂತರು.

ಸಂಜೆ ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಸದಾನಂದಣ್ಣನಿಗೆ ಹೇಳಿದೆ. ಅವರು ಒಗ್ಗರಣೆ ಹಾಕುತ್ತಿದ್ದವರು ಸ್ಟೌ ಆರಿಸಿದರು.

"ನಿಮ್ಮ ಪುಸ್ತಕ ಸರಿಯಾಯ್ತಲ್ಲ, ಸಾಕು ನಿಮ್ಗೆ. ಆ ಮನುಷ್ಯನ ದಾರಿ ತಪ್ಪಿತು."

"ಸುಳ್ಳು ಹೇಳ್ಬೇಕಿತ್ತಾ ನಾನು?"

"ಅಮ್ಮ ಹೋದಾಗ ನನ್ನ ಪಾಸ್‌ಪೋರ್ಟ್ ಕಂಪೆನಿಯವರ ಹತ್ರ ಇತ್ತು ಮಾರಾಯ್ರೆ. ಕೈಗೆ ಸಿಗುವಾಗ ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿದಿತ್ತು. ಅಣ್ಣ ಇವತ್ತಿಗೂ ಒಂದು ಕಾಗದ ಹಾಕುದಿಲ್ಲ. ನಂಗೆ ಹೋಗ್ಲಿಕ್ಕೆ ಧೈರ್ಯ ಇಲ್ಲ. ಒಬ್ಬ ಸೈಕಲ್ ತುಳಿದು ನನ್ನನ್ನು ಅಲ್ಲಿಗೆ ದೂಡ್ತಾನೆ ಅಂತಾದ್ರೆ, ಅದ್ರಲ್ಲಿ ಖುಬ್ಬೂಸಿನ ಕಿಲೋಮೀಟರ್ ಎಷ್ಟು ಅಂತ ನಾನು ಕೇಳ್ತಿದ್ದೆನಾ?"

ಮೂರು ವರ್ಷ ಒಂದೇ ಕೋಣೆಯಲ್ಲಿದ್ದೆವು. ಅವರ ಗೊರಕೆಯ ವೇಳೆ ನನ್ನ ಡೈರಿಯಲ್ಲಿತ್ತು. ಈ ಸಂಗತಿ ಇರಲಿಲ್ಲ.

ಅಂದಿನಿಂದ ಸದಾನಂದಣ್ಣ ಖುಬ್ಬೂಸಿಗೆ ನಡೆದೇ ಹೋದರು. ನಾನು ಡೈರಿಯ ಅರ್ಧ ಗಂಟೆ ಬಿಟ್ಟು, ವ್ಯಾನ್ ಬರುವ ಮುಂಚೆ ಪಕ್ಕದ ಜಿಂಜ್ ಬಡಾವಣೆಗೆ ಎರಡು ಸುತ್ತು ಹೊಡೆಯತೊಡಗಿದೆ. ಒಂಬತ್ತು ಕಿಲೋಮೀಟರಿನಂತೆ ಏಳು ಬೆಳಗು, ಅರವತ್ತಮೂರು. ಎರಡು ಶುಕ್ರವಾರ, ಅರವತ್ತೆಂಟು. ಚರ್ಮದಂಥ ಖುಬ್ಬೂಸನ್ನು ತುಟಿಪಿಟಕ್ಕೆನ್ನದೆ ತಿಂದೆ. ಫೆಬ್ರವರಿ ೧೬, ಶನಿವಾರ, ಎಮಿಲಿಯೊ ಸಾಹೇಬರ ಕೊನೆಯ ದಿನ, ವ್ಯಾನಿನಲ್ಲಿ ಕೂತು ಕೂಡಿಸಿದರೆ ಒಟ್ಟು ನೂರ ಮೂವತ್ತೊಂದು. ಹನ್ನೊಂದು ಕಡಿಮೆ. ಮೂರು ಸಲ ಕೂಡಿಸಿದೆ. ಸಂಖ್ಯೆಗಳಿಗೆ ದಯೆ ಇಲ್ಲವೆಂದು ಗೊತ್ತಿತ್ತು, ನನ್ನ ಮೇಲೇ ತಿರುಗಿದ್ದು ಅದು ಮೊದಲು.

ಆಮೇಲೆ ೧೪೨ ಎಂದು ಬರೆದೆ.

ಎಮಿಲಿಯೊ ಪಿನ್ನನ್ನು ಬಹಳ ಹೊತ್ತು ನೋಡಿದರು. ಅದು ತಮ್ಮನ ಬಾಗಿಲಲ್ಲಿತ್ತು.

"ಎಲ್ಲ ನಿನ್ನದೇ ಕಾಲೇ?"

"ನನ್ನದೇ, ಸರ್."

ಭೂಪಟ ಮಡಿಚಿ ಕೋಟಿನ ಒಳಜೇಬಿನಲ್ಲಿಟ್ಟುಕೊಂಡರು. ಮಾಡ್ರಿಡ್‌ಗೆಂದು ಬರೆದಿಟ್ಟಿದ್ದ ಕಾಗದವನ್ನು ಹರಿದರು. ಅವರ ಮುಖ ಬಿಳಿಚಿತ್ತು. ನನ್ನದೂ ಬಿಳಿಚಿದ್ದಿರಬೇಕು.

ಎಪ್ರಿಲ್‌ನಲ್ಲಿ ಅವರ ಕಾಗದ ಬಂತು. ತಮ್ಮ ಬಾಗಿಲು ತೆರೆದು ಬೈಯಲಿಲ್ಲವಂತೆ, ಅಪ್ಪಿಕೊಳ್ಳಲೂ ಇಲ್ಲವಂತೆ. ಕಾಲಿನ ಧೂಳು ನೋಡಿ, ಒಳಗೆ ಬರುವ ಮುಂಚೆ ಒರೆಸಿಕೋ ಎಂದನಂತೆ. ಅಂದಿನಿಂದ ಇಬ್ಬರೂ ಒಂದೇ ಮನೆಯಲ್ಲಿದ್ದಾರಂತೆ. ಅದನ್ನು ಸದಾನಂದಣ್ಣನಿಗೆ ಓದಿ ಹೇಳಿದೆ. ಅವರು ನನ್ನ ಹತ್ತಿರ ಒಂದು ಏರ್‌ಮೇಲ್ ಕವರ್ ಕೇಳಿದರು.

ಕಾಗದದ ಕೊನೆಯಲ್ಲಿ, ಡ್ರಾಫ್ಟ್ಸ್‌ಮನ್ ಡ್ರಾಫ್ಟ್ಸ್‌ಮನ್‌ಗೆ ಬರೆದಂತೆ, ಒಂದು ತಿದ್ದುಪಡಿ ಇತ್ತು. ತಮ್ಮನ ಊರಿಗೆ ಮುಂಚೆ ಇರುವ ಹೊಳೆಗೆ ಈಗ ಸೇತುವೆ ಆಗಿದೆ, ಹಳೆಯ ಬಳಸುದಾರಿ ತಪ್ಪಿದೆ, ಹದಿನಾಲ್ಕು ಕಿಲೋಮೀಟರ್ ಉಳಿತಾಯ, ದಯವಿಟ್ಟು ನಿನ್ನ ಪುಸ್ತಕದಲ್ಲಿ ಸರಿಪಡಿಸಿಕೋ.

ಸರಿಪಡಿಸಲು ಕೂತೆ. ದಾರಿ ೬೦೪, ನಾನು ತುಳಿದದ್ದು ೬೦೭. ಹನ್ನೊಂದು ಕಡಿಮೆಯಿದ್ದಾಗಲೇ ನಾನು ಆ ಬಾಗಿಲು ದಾಟಿ ಮೂರು ಕಿಲೋಮೀಟರ್ ಮುಂದೆ ಹೋಗಿದ್ದೆ. ಇಡೀ ಜೀವಮಾನದಲ್ಲಿ ಎದೆ ಗಟ್ಟಿಮಾಡಿಕೊಂಡು ಒಂದೇ ಒಂದು ಸುಳ್ಳು ಬರೆದವನು ನಾನು. ಅದನ್ನೂ ಸುಳ್ಳಾಗಿ ಉಳಿಸಿಕೊಳ್ಳಲು ನನ್ನ ಕೈಲಾಗಲಿಲ್ಲ.