ಬಿಸಿಲೊಲೆಗೆ ಪಟ್ಟೆ ಅಂಚು

ಹುಡುಗನಿಗೆ ಕಾಫಿ ಬಿಟ್ಟರೆ ಬೇರೆ ಯಾವ ಚಟವೂ ಇಲ್ಲ ಎಂದು ಮದುವೆಗೆ ಮುಂಚೆ ನಮ್ಮಪ್ಪನಿಗೆ ಎಲ್ಲರೂ ಹೇಳಿದ್ದರು. ಅದು ಸುಳ್ಳಲ್ಲ. ಬೀಡಿ ಸಿಗರೇಟಿಲ್ಲ, ಇಸ್ಪೀಟಿಲ್ಲ, ಕುಡಿತವಂತೂ ಇಲ್ಲವೇ ಇಲ್ಲ. ಆದರೆ ಸ್ಕ್ರೂಡ್ರೈವರ್ ಕೂಡ ಒಂದು ಚಟ ಎಂಬುದು ಜಾತಕ ನೋಡಿದವರಿಗೂ ಹೊಳೆಯಲಿಲ್ಲ. ಕುಡಿಯುವ ಗಂಡನಾದರೆ ಬೈಯಬಹುದು, ತವರಿಗೆ ಹೋಗಿ ಕೂರಬಹುದು, ನಾಲ್ಕು ಜನ ಅಯ್ಯೋ ಪಾಪ ಎನ್ನುತ್ತಾರೆ. ಗಂಡ ಲೋಕೋದ್ಧಾರಕ್ಕಾಗಿ ಇಸ್ತ್ರಿಪೆಟ್ಟಿಗೆ ಬಿಚ್ಚಿಟ್ಟಿದ್ದಾನೆ ಎಂದರೆ ಯಾರು ಅಯ್ಯೋ ಎನ್ನುತ್ತಾರೆ? "ನಿಮ್ಮ ಯಜಮಾನ್ರು ಎಷ್ಟು ಬುದ್ಧಿವಂತರು ರೀ" ಎಂದು ನನ್ನನ್ನೇ ಹೊಗಳಿ, ಮಾರನೆಯ ದಿನ ತಮ್ಮ ಮನೆಯ ಕೆಟ್ಟ ಮಿಕ್ಸಿಯನ್ನೂ ತಂದಿಟ್ಟು ಹೋಗುತ್ತಿದ್ದರು.

ಆಗಿನ್ನೂ ತೊಂಬತ್ತರ ದಶಕ. ಚಾಮರಾಜಪೇಟೆಯಲ್ಲಿ ನಮ್ಮದು ಹಿತ್ತಿಲಿದ್ದ ಹಳೆಯ ಮನೆ. ನಮ್ಮವರು ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ವಾರದ ದಿನಗಳು ಕಾರ್ಖಾನೆಗೆ, ಭಾನುವಾರ ಮನುಕುಲಕ್ಕೆ. ಏನೂ ವ್ಯರ್ಥವಾಗಬಾರದು, ಯಾರೂ ಕೈಬಿಟ್ಟು ಹೋಗಬಾರದು ಎಂಬುದು ಅವರ ಸಿದ್ಧಾಂತ. ಸ್ನಾನದ ನೀರು ದಂಡವಾಗಬಾರದೆಂದು ಪೈಪು ಎಳೆದು ಕರಿಬೇವಿನ ಗಿಡಕ್ಕೆ ಬಿಟ್ಟರು. ಗಿಡವೇನೋ ಸೊಂಪಾಗಿ ಬೆಳೆಯಿತು, ಒಗ್ಗರಣೆ ಮಾತ್ರ ಗಂಧದ ಸೋಪಿನ ವಾಸನೆ ಹೊಡೆಯುತ್ತದೆ ಎಂದು ನನಗೊಬ್ಬಳಿಗೆ ಅನ್ನಿಸುತ್ತಿತ್ತು. ಕಿವಿ ಕೇಳದ ಪಕ್ಕದ ಮನೆಯ ರಾಯರಿಗೆಂದು ಗಂಟೆ ಒತ್ತಿದರೆ ಬಲ್ಬು ಹತ್ತುವ ಹಾಗೆ ಮಾಡಿಕೊಟ್ಟರು. ಬ್ಯಾಟರಿಯ ಬಲ್ಬು, ಕರೆಂಟಿನ ಹಂಗಿಲ್ಲ. ಕರೆಂಟು ಹೋದ ಒಂದು ಸಂಜೆ ನಾವೇ ಹೋಗಿ ಗಂಟೆ ಒತ್ತಿದೆವು. ಕಿಟಕಿಯಲ್ಲಿ ನೋಡುತ್ತೇವೆ, ರಾಯರು ಹತ್ತಿದ ಬಲ್ಬಿಗೆ ಕೈಮುಗಿದು, "ಸದ್ಯ, ಕರೆಂಟ್ ಬಂತು" ಎಂದು ಪೇಪರು ಬಿಡಿಸಿಕೊಂಡು ಕುಳಿತರು. ಬಾಗಿಲು ತೆಗೆಯಲಿಲ್ಲ.

ಇವನ್ನೆಲ್ಲ ನಗುತ್ತಲೇ ಸಹಿಸಿದ್ದೆ. ನಗು ನಿಂತದ್ದು ನಮ್ಮತ್ತೆಯ ಕಣ್ಣು ಹೋದಾಗ. ಮಂಜಾಗುತ್ತಾ ಮಂಜಾಗುತ್ತಾ ಬಂದು, ಕಡೆಗೆ ಬೆಳಕು ನೆರಳು ಬಿಟ್ಟರೆ ಏನೂ ಕಾಣದ ಹಾಗಾಯಿತು. ಆಪರೇಷನ್ನಿನಿಂದ ಉಪಯೋಗವಿಲ್ಲ ಎಂದರು ಡಾಕ್ಟರು. ಅತ್ತೆ ಮಡಿ ಹೆಂಗಸು. ನಮ್ಮ ಅಡುಗೆ ನಮಗೆ, ಅವರದು ಅವರಿಗೆ. ಬೆಳಿಗ್ಗೆ ಸ್ನಾನ ಮಾಡಿ ರೇಷ್ಮೆಯ ಪಟ್ಟೆ ಸೀರೆ ಉಟ್ಟು ಒಲೆ ಮುಂದೆ ನಿಂತರೆ ಅವರೇ ರಾಣಿ. ಒಂದು ದಿನ ಗ್ಯಾಸಿನ ಉರಿ ಸೆರಗಿನ ತುದಿಗೆ ತಾಗಿ, ನಾನು ನೋಡಿದ್ದಕ್ಕೆ ಬಚಾವಾದರು. ಅವತ್ತೇ ನಮ್ಮವರು ಅವರನ್ನು ಒಲೆಯ ಹತ್ತಿರ ಹೋಗಕೂಡದೆಂದು ಕೂರಿಸಿಬಿಟ್ಟರು.

ಅತ್ತೆ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ನಡುಮನೆಯಲ್ಲಿ ಕುಳಿತು ಹೂಬತ್ತಿ ಮಾಡುತ್ತಾ, ನಾನು ಬಡಿಸಿದ್ದನ್ನು ಎರಡು ತುತ್ತು ತಿಂದು ಸಾಕು ಎನ್ನುವರು. "ಯಾಕತ್ತೆ, ಚೆನ್ನಾಗಿಲ್ವಾ?" ಎಂದರೆ, "ಚೆನ್ನಾಗಿದೆ ಕಣೆ. ಆದ್ರೆ ದೇವಸ್ಥಾನದ ಹುಂಡಿ ಥರ ಸುಮ್ನೆ ಬಾಯಿ ತೆಕ್ಕೊಂಡು ಕೂತಿದೀನಿ ಅನ್ಸತ್ತೆ" ಎಂದರು. ಅದನ್ನು ಕೇಳಿದ ನಮ್ಮವರು ಆ ಭಾನುವಾರ ಇಸ್ತ್ರಿಪೆಟ್ಟಿಗೆಯನ್ನು ಹಾಗೆಯೇ ಬಿಟ್ಟು ಬಿಸಿಲೊಲೆಗೆ ಕೈಹಾಕಿದರು.

ಬೆಂಕಿಯೇ ಇಲ್ಲದ ಒಲೆ. ಮರದ ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ, ನಡುವೆ ಭತ್ತದ ಹೊಟ್ಟು, ಮೇಲೆ ಗಾಜಿನ ಮುಚ್ಚಳ. ಒಳಗೋಡೆಗೆ ಹೊಳೆಯುವ ಕಾಗದ ಬೇಕಲ್ಲ, ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯಿಂದ ಬೆಳ್ಳಿ ಬಣ್ಣದ ಕಾರ್ಡಿನ ಚೂರುಗಳನ್ನು ಹೊತ್ತು ತಂದು ಅಂಟಿಸಿದರು. ಹೀಗಾಗಿ ಒಳಗೆ ಅಲ್ಲಲ್ಲಿ ಗಣಪತಿ ಉಬ್ಬಿಕೊಂಡಿದ್ದ, ಒಂದು ಮೂಲೆಯಲ್ಲಿ ಯಾರೋ "ಸಕುಟುಂಬ ಸಪರಿವಾರ" ನಮ್ಮನ್ನು ಕರೆಯುತ್ತಿದ್ದರು. ಒಗೆಯುವ ಕಲ್ಲಿನ ಪಕ್ಕ ಒಲೆ ಇಟ್ಟು, ಹಿತ್ತಿಲ ಬಾಗಿಲಿನಿಂದ ಅಲ್ಲಿಯವರೆಗೆ ಹಳೆಯ ನೀರಿನ ಪೈಪಿನದೊಂದು ಕಂಬಿ ಕಟ್ಟಿದರು. ಅದನ್ನು ಹಿಡಿದು ಅತ್ತೆ ತಾವಾಗಿಯೇ ಹೋಗಿ ಪಾತ್ರೆ ಇಟ್ಟು ಬರಬಹುದು. ಸುಡುವುದಿಲ್ಲ, ಉಕ್ಕುವುದಿಲ್ಲ, ಸೀಯುವುದಿಲ್ಲ. ಗ್ಯಾಸು ಬುಕ್ ಮಾಡಿ ದಾರಿ ಕಾಯುವುದೂ ಇಲ್ಲ.

ಬೇಯುವುದೂ ಇಲ್ಲ ಎಂಬುದು ಮೊದಲ ಭಾನುವಾರ ತಿಳಿಯಿತು. ಮುಚ್ಚಳದ ಸುತ್ತ ಸಂದಿಯಿಂದ ಶಾಖವೆಲ್ಲ ಸೋರಿಹೋಗುತ್ತಿತ್ತು. ನಮ್ಮವರು ಅಂಚಿಗೆಲ್ಲ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಅಂಟಿಸಿದರು. ಮುಂದಿನ ವಾರ ಬೇಳೆ ಬೆಣ್ಣೆಯ ಹಾಗೆ ಬೆಂದಿತು. ಅತ್ತೆಯನ್ನು ಕರೆತಂದೆವು. ಅವರು ಪೆಟ್ಟಿಗೆಯನ್ನೆಲ್ಲ ಸವರುತ್ತಾ ಬಂದು ಅಂಚಿನಲ್ಲಿ ಬೆರಳು ನಿಲ್ಲಿಸಿದರು.

"ಇದೇನೋ ಶೀನ, ಮೆತ್ತಗಿದೆ?"

"ಸೈಕಲ್ ಟ್ಯೂಬಮ್ಮಾ." ರಬ್ಬರು ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಎಂಜಿನಿಯರುಗಳಿಗೆ ವಿವರ ಮುಚ್ಚಿಡಲು ಬರುವುದಿಲ್ಲ.

"ಬೀದಿಯೆಲ್ಲಾ ಸುತ್ತಿದ್ದನ್ನ ತಂದು ಅನ್ನದ ಮೇಲೆ ಕೂರ್ಸಿದೀಯಾ?"

"ಟ್ಯೂಬು ನೆಲಕ್ಕೆ ತಾಗಲ್ಲಮ್ಮಾ, ತಾಗೋದು ಟೈರು!"

ಅತ್ತೆ ಕಂಬಿ ಹಿಡಿದು ವಾಪಸು ಹೋಗಿ ಎರಡನೆಯ ಸಲ ಸ್ನಾನ ಮಾಡಿದರು. ಕಂಬಿ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದೊಂದು ಖಾತ್ರಿಯಾಯಿತು.

ಆಮೇಲೆ ನಮ್ಮವರು ಟ್ಯೂಬು ಕಿತ್ತು ತೆಂಗಿನ ನಾರಿನ ಹಗ್ಗ ಸುತ್ತಿದರು, ಶಾಖ ನಿಲ್ಲಲಿಲ್ಲ. ಹತ್ತಿ ಬಟ್ಟೆ ಎಂದರೆ, "ದಿನಾ ಒಗೆದು ಒಣಗಿಸ್ದೆ ಮಡಿ ಹೇಗಾಗತ್ತೋ?" ಎಂದರು ಅತ್ತೆ. ನಮ್ಮವರು ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟರು. "ಬಿಸಿಲನ್ನ ಹಿಡಿದಾಯ್ತು ವಿಮಲಾ, ಅಮ್ಮನ ಮಡೀನ ಹೇಗೆ ಹಿಡಿಯೋದು?" ಇಷ್ಟು ವರ್ಷ ಅವರ ಯಾವ ಯಂತ್ರ ಕೆಟ್ಟರೂ ಒಳಗೊಳಗೇ ಸಂತೋಷಪಟ್ಟವಳು ನಾನು. ಇದೊಂದು ಕೆಡಬಾರದಾಗಿತ್ತು.

ತಲೆಯೆತ್ತಿದರೆ ಎದುರಿಗೇ ಬೊಂಬಿನ ಮೇಲೆ ಅತ್ತೆಯ ಪಟ್ಟೆ ಸೀರೆ ತೂಗುತ್ತಿತ್ತು. ವಾರಗಟ್ಟಲೆ ಒಗೆಯದಿದ್ದರೂ ಮಡಿಗೆ ಸಲ್ಲುವ ಸೀರೆ. ಪಟ್ಟೆಗೆಲ್ಲಿಯ ಮೈಲಿಗೆ! ನಾನು ಒಳಗೆ ಹೋಗಿ ಟ್ರಂಕು ತೆಗೆದು, ನಿಶ್ಚಿತಾರ್ಥದಲ್ಲಿ ಕೊಟ್ಟ ಹಸಿರು ಪಟ್ಟೆ ಸೀರೆ ಹೊರಗೆಳೆದೆ. ಮಡಿಕೆಗಳಲ್ಲಿ ಸೀಳು ಬಿಟ್ಟಿತ್ತು, ನಿಜ. ಆದರೂ ಕತ್ತರಿ ಹಾಕುವಾಗ ಕಣ್ಣು ಮುಚ್ಚಿಕೊಂಡೆ. ಉದ್ದುದ್ದ ಪಟ್ಟಿ ಮಾಡಿ, ದಪ್ಪಗೆ ಮಡಿಸಿ ಹೊಲಿದು ಕೊಟ್ಟೆ. ನಮ್ಮವರು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದರು. ಆ ಸೀರೆ ಉಟ್ಟಾಗಲೂ ಹಾಗೆ ನೋಡಿರಲಿಲ್ಲ.

ಪಟ್ಟಿ ಕೂರಿಸಿ ಕರೆದಾಗ ಅತ್ತೆ ಬಂದು ಅಂಚು ಮುಟ್ಟಿದರು. ಬೆರಳು ಹಿಂದೆ ಮುಂದೆ ಆಡಿತು. "ಇದು ನಿನ್ನ ಹಸಿರು ಸೀರೆ ಅಲ್ವೇನೆ?"

"ಹಳೇದಾಗಿತ್ತು ಬಿಡಿ ಅತ್ತೆ."

"ಅಂಗಡೀಲಿ ನಾನೇ ಆರಿಸಿದ್ದು. ನಿನ್ನ ಬಣ್ಣಕ್ಕೆ ಒಪ್ಪತ್ತೆ ಅಂತ." ಅಂಚನ್ನು ಇನ್ನೊಮ್ಮೆ ಸವರಿದರು. ಆಮೇಲೆ, "ಹೆಸರುಬೇಳೆ ಎಲ್ಲಿಟ್ಟಿದೀಯ? ಹೇಳು, ನಾನೇ ತೊಗೋತೀನಿ" ಎಂದರು.

ಆ ಮಧ್ಯಾಹ್ನ ಹುಗ್ಗಿ ಆಯಿತು. ಅತ್ತೆಯೇ ಪಾತ್ರೆ ತಂದು, ತಡವಿ ತಡವಿ ಎಲೆ ಹುಡುಕಿ, ನಮಗೆ ಮೊದಲು ಬಡಿಸಿದರು. ಉಪ್ಪು ಕೊಂಚ ಮುಂದಾಗಿತ್ತು. ನಾನೂ ಹೇಳಲಿಲ್ಲ, ವಿವರ ಮುಚ್ಚಿಡಲು ಬಾರದ ನಮ್ಮವರೂ ಹೇಳಲಿಲ್ಲ. ಆಮೇಲೆ ಅತ್ತೆ ಕುಳಿತು, ಬಹಳ ದಿನಗಳ ಮೇಲೆ ಎರಡನೆಯ ಸಲ ಬಡಿಸಿಕೊಂಡು ಊಟ ಮಾಡಿದರು. ನನಗೆ ಅಳು ಬಂತು. ಮೆಣಸು ಖಾರ ಎಂದು ನೀರು ಕುಡಿದೆ.

ಮಾರನೆಯ ದಿನವೇ ರಾಜ್ಯಭಾರ ಶುರು. ಪಾತ್ರೆ ಇಡಲು ಸಹಾಯ ಮಾಡೋಣ ಎಂದು ಹತ್ತಿರ ಹೋದರೆ, "ಮುಟ್ಟಬೇಡ್ವೇ, ಮಡಿ!" ಎಂಬ ಕೂಗು. ಯಾರ ನಿಶ್ಚಿತಾರ್ಥದ ಸೀರೆ ಅಂಚಿನಲ್ಲಿದೆಯೋ ಅವಳು ಮಾರು ದೂರ ನಿಲ್ಲಬೇಕು! ಇಷ್ಟರ ಮೇಲೆ ನನ್ನ ಗ್ಯಾಸಿನ ಸಾರನ್ನು ಮೂಸಿ, "ಅವಸರದ ಬೇಳೆಗೆ ರುಚಿ ಎಲ್ಲಿಂದ ಬರತ್ತೆ" ಎನ್ನುವುದು ಬೇರೆ. ಮೋಡ ಕವಿದ ದಿನ ಮಾತ್ರ ನನ್ನ ಅಡುಗೆ ಬಹಳ ಚೆನ್ನಾಗಿರುತ್ತಿತ್ತು.

ಮರುವರ್ಷ ನಾದಿನಿಯ ಮಗಳ ಮದುವೆ ಬಂತು. ಚಿಕ್ಕಪೇಟೆಯ ಅಂಗಡಿಯಲ್ಲಿ ಸೀರೆಗಳ ಗುಡ್ಡೆ ಮುಂದೆ ಕುಳಿತಿದ್ದೆ. ಅಂಗಡಿಯವರು ಬಣ್ಣ ತೋರಿಸುತ್ತಾರೆ, ಸೆರಗು ತೋರಿಸುತ್ತಾರೆ. ನಾನು ಅಂಚನ್ನು ನಾಲ್ಕು ಮಡಿಕೆ ಮಾಡಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದೆ. ಅವರಿಗೆ ತಾಳ್ಮೆ ಮುಗಿಯಿತು. "ಮೇಡಂ, ಮದುವೆಗೆ ತಾನೆ?" ಎಂದರು.

"ಸದ್ಯಕ್ಕೆ ಮದುವೆಗೆ" ಎಂದೆ. "ಆಮೇಲೆ ಒಲೆಗೆ."