ಕೊನೆಗೆ ಮುಟ್ಟಿದವರ ತಪ್ಪು

ನನಗೊಂದು ಕೆಟ್ಟ ಚಟವಿದೆ. ಬೀಡಿಯಲ್ಲ, ಇಸ್ಪೀಟಲ್ಲ. ಏನೇ ಎಡವಟ್ಟಾದರೂ ಅದಕ್ಕೊಬ್ಬ ಮನುಷ್ಯನನ್ನು ಹುಡುಕಿ ಕಟಕಟೆಯಲ್ಲಿ ನಿಲ್ಲಿಸದೆ ನನಗೆ ಊಟ ಸೇರುವುದಿಲ್ಲ. ಇದು ಕಸುಬಿನಿಂದ ಅಂಟಿದ ರೋಗ. ಆಂಧ್ರದ ಗಡಿಯ ರಾಯದುರ್ಗದ ಜೀನ್ಸ್ ಪ್ಯಾಂಟಿನ ಕಾರ್ಖಾನೆಯೊಂದರಲ್ಲಿ ನಾನು ಬಹಳ ವರ್ಷಗಳಿಂದ ಕಟಿಂಗ್ ಮಾಸ್ಟರ್. ನಮ್ಮಲ್ಲೊಂದು ಪದ್ಧತಿಯಿದೆ: ಪ್ಯಾಂಟು ಕೆಟ್ಟಿತೆಂದರೆ ಅದನ್ನು ಕೊನೆಗೆ ಮುಟ್ಟಿದವರನ್ನು ಕರೆಸಿ ಬೈಯುವುದು. ಕೊನೆಗೆ ಮುಟ್ಟುವವಳು ಕಾಜಾ ಹಾಕುವ ರತ್ನಮ್ಮ. ಒಮ್ಮೆ ಬಟ್ಟೆಯ ಮಡಿಕೆ ಜಾರಿ, ಒಂದು ರಾಶಿ ಪ್ಯಾಂಟುಗಳ ಎಡಗಾಲನ್ನು ನಾನೇ ಎರಡಿಂಚು ಗಿಡ್ಡ ಕತ್ತರಿಸಿದ್ದೆ. ಬೈಸಿಕೊಂಡವಳು ರತ್ನಮ್ಮ. ಗುಂಡಿಗೆ ತೂತು ಹಾಕಿದರೆ ಕಾಲು ಹೇಗೆ ಗಿಡ್ಡವಾಗುತ್ತದೆಂದು ಯಾರೂ ಕೇಳಲಿಲ್ಲ. ನಾನಂತೂ ಕೇಳಲಿಲ್ಲ; ಆಗ ಚಹಾ ಕುಡಿಯುತ್ತಿದ್ದೆ.

ಈ ವಿದ್ಯೆಯನ್ನು ನಾನು ಮನೆಯೊಳಗೂ ತಂದದ್ದು ಮೊಮ್ಮಗಳು ಸಿರಿಯ ವಿಷಯದಲ್ಲಿ. "ತಾತ", "ಬುವ್ವ" ಅನ್ನುತ್ತಿದ್ದ ಮಗು ಒಂದೂವರೆ ವರ್ಷವಾಗುವ ಹೊತ್ತಿಗೆ ಆ ಎರಡನ್ನೂ ಬಿಟ್ಟುಬಿಟ್ಟಳು. ಕರೆದರೆ ತಿರುಗಳು, ಮುಖ ಕೊಟ್ಟು ನೋಡಳು, ಮನೆಯಲ್ಲಿದ್ದ ನನ್ನ ಹಳೆಯ ಹೊಲಿಗೆ ಯಂತ್ರದ ಚಕ್ರ ತಿರುಗಿಸುತ್ತ ಗಂಟೆಗಟ್ಟಲೆ ಕೂತಿರುವಳು. ಕೊನೆಗೆ ಮುಟ್ಟಿದವರು ಯಾರೆಂದು ನಾನು ಹುಡುಕತೊಡಗಿದೆ. ಅದೇ ತಿಂಗಳು ಅಂಗನವಾಡಿಯಲ್ಲಿ ಸೂಜಿ ಹಾಕಿಸಿದ್ದೆವು. ಸಿಕ್ಕರಲ್ಲ! ಅಷ್ಟರಲ್ಲಿ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಡಾಕ್ಟರ ಗತ್ತಿನವನೊಬ್ಬ, ಇಂಥ ಮಕ್ಕಳಿಗೆಲ್ಲ ಸೂಜಿಯೇ ಕಾರಣವೆಂದು ತೆಲುಗಿನಲ್ಲಿ ಗುಡುಗಿದ್ದ. ಅವನ ಹೆಸರು, ಊರು ಯಾವುದೂ ಇರಲಿಲ್ಲ. ನನಗೆ ಬೇಕಾದದ್ದನ್ನೇ ಹೇಳುವವನ ಹೆಸರು ಕಟ್ಟಿಕೊಂಡು ನನಗೇನು? ಕೇಳಿದ ಕೂಡಲೇ ಬಳಗಕ್ಕೆಲ್ಲ ಕಳಿಸಿದೆ.

ಮುಂದೆ ಮಗ, ಸೊಸೆಯ ಜೊತೆ ನಾನೂ ಸಿರಿಯನ್ನು ಕರೆದುಕೊಂಡು ಬೆಂಗಳೂರಿಗೆ ಹೋದೆ. ಆಟಿಸಂ ಅಂದರು. ನಾನು ತಕ್ಷಣ ಸೂಜಿಯ ಕಥೆ ತೆಗೆದೆ. ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ನನಗೆ ಜಗಳಕ್ಕೆ ಅನುಕೂಲವಾಗುತ್ತಿತ್ತು. "ಎಷ್ಟೋ ದೇಶಗಳಲ್ಲಿ ಹುಡುಕಿ ನೋಡಿದ್ದಾರೆ, ಲಸಿಕೆಗೂ ಇದಕ್ಕೂ ಸಂಬಂಧ ಸಿಕ್ಕಿಲ್ಲ. ಆ ಸೂಜಿ ಹಾಕೋ ವಯಸ್ಸು, ಇದು ನಮ್ಮ ಕಣ್ಣಿಗೆ ಬೀಳೋ ವಯಸ್ಸು ಹತ್ತಿರ ಹತ್ತಿರ ಬರುತ್ತೆ, ಅಷ್ಟೇ" ಎಂದವರು, ಹಳೆಯ ವಿಡಿಯೊ ಇದ್ದರೆ ತೋರಿಸಿ ಅಂದರು. ಸೊಸೆ ಮೊದಲ ಹುಟ್ಟುಹಬ್ಬದ್ದನ್ನು ತೋರಿಸಿದಳು. ಇಡೀ ಬಳಗ "ಸಿರೀ, ಸಿರೀ" ಎಂದು ಕೂಗುತ್ತಿದೆ, ಎಲ್ಲರಿಗಿಂತ ಜೋರು ನನ್ನ ದನಿ. ಮಗು ಒಮ್ಮೆಯೂ ತಿರುಗದೆ ಫ್ಯಾನನ್ನೇ ನೋಡುತ್ತಿದೆ. ನಾನು ದೂರಿದ ಸೂಜಿಗೆ ಆಗಿನ್ನೂ ಆರು ತಿಂಗಳಿತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಯಾರನ್ನೂ ಬೈಯಲಾಗದ ದುಃಖವನ್ನು ಹೊರುವುದು ನನಗೆ ಅಭ್ಯಾಸವಿರಲಿಲ್ಲ.

ಈಚೆಗೆ ಸಿರಿಯ ತಂಗಿ ಗೌರಿಗೆ ಒಂಬತ್ತು ತಿಂಗಳು ತುಂಬಿ ದಡಾರದ ಸೂಜಿಯ ಸಮಯ ಬಂತು. ಹಿಂದಿನ ಬೀದಿಯಲ್ಲಿ ಆಗಲೇ ದಡಾರ ಎದ್ದು, ಒಂದು ಮಗುವಿಗೆ ಉಸಿರಾಟ ಕಷ್ಟವಾಗಿ ಅನಂತಪುರಕ್ಕೆ ಒಯ್ದಿದ್ದರು. ಹಾಕಿಸಿದರೆ ಇವಳೂ ಮಾತು ಬಿಟ್ಟಾಳೆಂಬ ಭಯ ನನಗೆ. ಹಾಕಿಸದಿದ್ದರೆ ಮಗುವೇ ಉಳಿಯದೇನೋ ಎಂಬ ಭಯ ಸೊಸೆಗೆ. ಕೂತು ಮಾತಾಡಬಹುದಿತ್ತು. ನಾನು ಮನೆಯ ಹಿರಿಯನಿಗೆ ತಕ್ಕ ಕೆಲಸ ಮಾಡಿದೆ: ಲಸಿಕೆಯ ಕಾರ್ಡನ್ನು ಕದ್ದು, ಪ್ಯಾಂಟಿನ ಅಳತೆಗೆ ಕತ್ತರಿಸಿಟ್ಟ ನನ್ನ ರಟ್ಟುಗಳ ನಡುವೆ ಬಚ್ಚಿಟ್ಟೆ.

ಬುಧವಾರ ಬೆಳಿಗ್ಗೆ ನರ್ಸಮ್ಮ ಮನೆ ಬಾಗಿಲಿಗೇ ಬಂದಳು. "ಯಾಕ್ರೀ ಮಾಸ್ಟ್ರೇ, ಎರಡು ವಾರದಿಂದ ಕೂಸನ್ನ ಕರ್ಕೊಂಡು ಬರ್ಲಿಲ್ಲ? ಹಿಂದಿನ ಬೀದ್ಯಾಗ ದಡಾರ ಐತ್ರಿ."

ಸೊಸೆ ಭಾಗ್ಯ ಗೌರಿಯನ್ನೆತ್ತಿಕೊಂಡು ಹೊರಗೆ ಬಂದಳು. ಮಡಕಶಿರದ ಕಡೆಯವಳು, ಮದುವೆಯಾಗಿ ಬಂದಾಗಿನಿಂದ ನನ್ನೆದುರು ದನಿ ಎತ್ತಿದವಳಲ್ಲ. "ಕಾರ್ಡು ಎಲ್ಲಿ ಹುಡುಕಿದ್ರೂ ಸಿಕ್ತಿಲ್ಲ ಕಣಕ್ಕ" ಎಂದು ನನ್ನನ್ನೇ ನೋಡಿದಳು. ಅವಳಿಗೆ ಗೊತ್ತಾಗಿತ್ತು. ಸಿಕ್ಕಿಬಿದ್ದ ಕಳ್ಳ ಸುಮ್ಮನಿರಬೇಕಿತ್ತು, ನಾನು ಬಾಯಿಬಿಟ್ಟೆ.

"ಒಂದು ಪೀಸ್ ಹಾಳಾಗೈತಿ. ಇನ್ನೊಂದನ್ನೂ ಅದೇ ಕೈಗೆ ಕೊಡಬೇಕೇನು?"

ಆಡಿದ ಮೇಲೆಯೇ ನಾನು ಆಡಿದ್ದೇನೆಂದು ನನಗೆ ಕೇಳಿಸಿದ್ದು. ಭಾಗ್ಯ ಅಳಲಿಲ್ಲ.

"ಮಾವ, ನನ್ನ ಮಗಳು ಡ್ಯಾಮೇಜ್ ಪೀಸಲ್ಲ. ಅವಳನ್ನ ಯಾರೂ ಕೆಡಿಸಿಲ್ಲ, ಅವಳಿರೋದೇ ಹಂಗೆ. ನಾಳೆ ಇವಳಿಗೆ ದಡಾರ ಬಂದು ಹೆಚ್ಚುಕಮ್ಮಿ ಆದ್ರೆ ಆವಾಗ ಯಾರನ್ನ ಬೈತೀರಾ? ಕಾರ್ಡು ಕೊಡಿ."

ನಾನು ಒಳಗೆ ಹೋಗಿ ಅವಸರದಲ್ಲಿ ರಟ್ಟಿನ ಕಟ್ಟು ಎಳೆದೆ. ಎಲ್ಲ ಜಾರಿ ನೆಲದ ಮೇಲೆ ಹರಡಿತು. ಚಕ್ರ ತಿರುಗಿಸುತ್ತಿದ್ದ ಸಿರಿ ಎದ್ದು ಬಂದಳು. ನನ್ನ ಮುಖ ನೋಡದೆ, ಒಂದೊಂದೇ ರಟ್ಟನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದಳು. ಕಾರ್ಡನ್ನು ಮಾತ್ರ ಸಾಲಿನಿಂದ ಆಚೆಗೆ ತಳ್ಳಿದಳು. ಮೊಮ್ಮಗಳು ಒಂದು ಕೆಲಸ ಮಾಡುವುದನ್ನು ನಾನು ಅಷ್ಟು ಹೊತ್ತು ಸುಮ್ಮನೆ ಕೂತು ನೋಡಿದ್ದು ಅದೇ ಮೊದಲು. ನಾಚಿಕೆಯಾಯಿತು. ಕಾರ್ಡು ತಂದು ಭಾಗ್ಯಳ ಕೈಗೆ ಕೊಟ್ಟೆ, ಅಂಗನವಾಡಿಗೆ ನಾನೂ ಜೊತೆಗೆ ಹೋದೆ. ಗೌರಿ ಬೀದಿ ಕೇಳುವಂತೆ ಅತ್ತಳು, ಸಂಜೆಗೆ ಸ್ವಲ್ಪ ಮೈ ಬೆಚ್ಚಗಾಯಿತು, ಮರುದಿನ ಇಳಿಯಿತು. ಹಿಂದೆ ಕಳಿಸಿದ್ದು ಸುಳ್ಳು, ತಪ್ಪು ನನ್ನದು ಎಂದು ಬಳಗಕ್ಕೆ ಬರೆದೆ. ಆಗ ಕೈಮುಗಿದು ಮೆಚ್ಚಿದ್ದವರಲ್ಲಿ ಈಗ ಒಬ್ಬರೂ ಉಸಿರೆತ್ತಲಿಲ್ಲ.

ಬುದ್ಧಿ ಬಂದರೂ ಭಯ ಹೋಗಬೇಕಲ್ಲ. ಕಾರ್ಖಾನೆಗೆ ರಜೆ ಹಾಕಿ, ಬೆಳಗಿನಿಂದ ಸಂಜೆಯವರೆಗೆ ಗೌರಿಯನ್ನು ಕರೆದು ಪರೀಕ್ಷಿಸುವುದೇ ನನ್ನ ಕೆಲಸವಾಯಿತು. ಬಾಗಿಲ ಸಂದಿಯಿಂದ "ಗೌರೀ", ಮಂಚದ ಹಿಂದಿನಿಂದ "ಗೌರೀ". ಮೊದಮೊದಲು ತಿರುಗಿ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನ ಐದು ಸಲ ಕರೆದರೂ ತಿರುಗಲಿಲ್ಲ. ಅಡುಗೆಮನೆಗೆ ಓಡಿ, ಅಕ್ಕಿ ಆರಿಸುತ್ತಿದ್ದ ಹೆಂಡತಿಗೆ ಹೇಳಿದೆ.

ಅವಳು ತಲೆ ಎತ್ತಲಿಲ್ಲ. "ಕೆಲಸ ಇಲ್ದ ದಿನಾ ನೂರು ಸಲ ಕೂಗಿದ್ರ ಯಾರು ತಿರುಗ್ತಾರ್ರೀ? ನೀವು ಕರದ್ರ ನಾನೂ ತಿರುಗೋದು ಬಿಟ್ಟು ಮೂವತ್ತು ವರ್ಷ ಆತು. ನನಗ ಯಾವ ಸೂಜಿ ಹಾಕಿದ್ರಂತ?"

ಈ ಸಲ ಕಟಕಟೆಯಲ್ಲಿ ನಿಲ್ಲಬೇಕಾದವನು ನಾನೇ ಎಂದು ನನಗೆ ಗೊತ್ತಿತ್ತು. ಅವಳ ಪಕ್ಕದಲ್ಲಿ ಕೂತು ಅಕ್ಕಿ ಆರಿಸತೊಡಗಿದೆ.